ನಲವತ್ತೊಂದನೇ ಕಮಾಂಡು

ದೀಪಶ್ರೀ ಯಳಂದೂರಿನ ಬಸ್ಸಿನಿಂದ ಕೊಳ್ಳೇಗಾಲದಲ್ಲಿ ಇಳಿಯುತ್ತಿದ್ದಾಗಲೇ ಫೋನು ಬಂತು. ಮಾಡಿದವನು ಮೆಕ್ಯಾನಿಕ್ ಪ್ರಭುಸ್ವಾಮಿ, ಹನೂರಿನಿಂದ.

“ಅಕ್ಕಾ, ಕೌದಳ್ಳಿ ಏಳನೇ ಕಂಬ ಕೂಗೇ ಇಲ್ವಂತೆ. ಶಿವನಂಜಯ್ಯ ಅಂತ ಒಬ್ರು, ಬೆಳಕರ್ದ ತಕ್ಷಣ ಜೋಳದ ಹೊಲಕ್ಕೆ ಓಗವ್ರೆ. ಒಳಗೇ ಆನೆ ನಿಂತಿತ್ತಂತೆ. ಓಡಕ್ಕೆ ಓಗಿ ಬದುವಿಂದ ಬಿದ್ದು ಸೊಂಟ ಮುರ್ಕಂಡವ್ರೆ.”

“ಜೀವಕ್ಕೆ?”

“ಜೀವಕ್ಕೇನೂ ಇಲ್ಲ. ಕೊಳ್ಳೇಗಾಲಕ್ಕೇ ಕರ್ಕಂಡು ಬತ್ತಾವ್ರೆ.”

ಕಂಡಕ್ಟರು ಬಾಗಿಲಲ್ಲಿ ನಿಲ್ಲಬೇಡಿ ಎಂದು ಗದರಿದಾಗ ಅವಳು ಕೆಳಗಿಳಿದು, ಹೂವಿನ ಅಂಗಡಿಯ ಪಕ್ಕ ನಿಂತು, ಫೋನಿನಲ್ಲಿ ಕಂಬಗಳ ಪಟ್ಟಿ ತೆರೆದಳು. ಏಳನೇ ಕಂಬದ ಮುಂದೆ ಹಸಿರು ಚುಕ್ಕೆ ಇತ್ತು. ಚುಕ್ಕೆಯ ಕೆಳಗೆ ‘ಸರಿಯಾಗಿದೆ’ ಎಂದಿತ್ತು. ನಿನ್ನೆ ಸಂಜೆಯೂ ಸರಿಯಾಗಿತ್ತು, ಇವತ್ತು ಬೆಳಗಿನ ಜಾವವೂ ಸರಿಯಾಗಿತ್ತು, ಈಗಲೂ ಸರಿಯಾಗಿಯೇ ಇತ್ತು. ಕೆಟ್ಟುಹೋದ ಕಂಬ ಕೆಂಪಾಗುತ್ತದೆ. ಕೂಗದೆ ಇದ್ದು ಹಸಿರಾಗಿರುವ ಕಂಬವನ್ನು ಅವಳು ನೋಡಿದ್ದು ಒಂದೇ ಕಡೆ, ತಮ್ಮ ವರ್ಕ್‌ಶಾಪಿನ ಬೆಂಚಿನ ಮೇಲೆ.

ಹನೂರಿನಿಂದ ಗೋಪಿನಾಥಂವರೆಗೆ ಕಾಡಂಚಿನ ಊರುಗಳಲ್ಲಿ ನಿಲ್ಲಿಸಿದ್ದ ಆ ಕಂಬಗಳು ನಲವತ್ತಾರು. ಆನೆ ಹತ್ತಿರ ಬಂದರೆ ಸುಳಿವು ಹಿಡಿಯುವ ಸೆನ್ಸರು, ಕೆಂಪು ದೀಪ, ಸೈರನ್ನು, ಇವಿಷ್ಟನ್ನೂ ನಡೆಸುವ ಒಂದು ಚಿಪ್ಪು ಪ್ರತಿ ಕಂಬದಲ್ಲೂ ಇದ್ದವು. ಚಿಪ್ಪಿನೊಳಗೆ ಹುಟ್ಟಿನಿಂದಲೇ ಕೂರಿಸಿದ ಪುಟ್ಟ ಪ್ರೋಗ್ರಾಂ ಒಂದಿತ್ತು, ಅದೇ ಫರ್ಮ್‌ವೇರ್. ಕಂಬದ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೊಂದು ಸಣ್ಣ ಕಂಪ್ಯೂಟರು. ಕಂಬದ ಬುಡಕ್ಕೇ ತಂತಿ ಸಿಕ್ಕಿಸದಿದ್ದರೆ, ಕಂಬಕ್ಕೆ ಏನೇ ಹೇಳಬೇಕಾದರೂ ಆ ಕಂಪ್ಯೂಟರಿನ ಕರ್ನಲ್ಲಿನ ಮೂಲಕವೇ ಹೇಳಬೇಕು. ಕರ್ನಲ್ಲೆಂದರೆ ಕಂಪ್ಯೂಟರಿನ ಒಳಗಿನ ಯಜಮಾನ. ಮೇಲಿನ ಯಾವ ಪ್ರೋಗ್ರಾಮಿಗೂ ಯಂತ್ರವನ್ನು ನೇರವಾಗಿ ಮುಟ್ಟುವ ಹಕ್ಕಿಲ್ಲ, ಯಜಮಾನನನ್ನು ಕೇಳಿಯೇ ಮುಟ್ಟಬೇಕು. ಈ ಪೆಟ್ಟಿಗೆಗಳ ಕರ್ನಲ್ಲಿನಲ್ಲಿ ಕಂಬದ ಜೊತೆ ಮಾತಾಡುವ ಭಾಗವನ್ನು ಬರೆದವಳು ದೀಪಶ್ರೀ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವುದು ಬಿಟ್ಟು, ಈ ಕಂಬಗಳನ್ನು ಮಾಡುವ ಮಲ್ಲಿಕಾರ್ಜುನಸ್ವಾಮಿಯವರ ವರ್ಕ್‌ಶಾಪು ಸೇರಿದ ವರ್ಷವೇ ಬರೆದಿದ್ದಳು. ಮೇಲಿನಿಂದ ಬಂದ ಕಮಾಂಡನ್ನು ತೆಗೆದುಕೊಂಡು ಕೆಳಗಿನ ಫರ್ಮ್‌ವೇರಿಗೆ ದಾಟಿಸುವ ಹನ್ನೆರಡು ಸಾಲು. ಅದರ ತಲೆಯ ಮೇಲೆ ತನಗಾಗಿಯೇ ಒಂದು ಟಿಪ್ಪಣಿ ಇಟ್ಟಿದ್ದಳು: ‘ತಪಾಸಣೆ ಆಮೇಲೆ ಸೇರಿಸಬೇಕು.’

ಆ ಆಮೇಲೆ ಬಂದೇ ಇರಲಿಲ್ಲ.

ಅವಳು ಪ್ರಭುಸ್ವಾಮಿಗೆ ಮತ್ತೆ ಫೋನು ಮಾಡಿದಳು. “ಪ್ರಭು, ಎಲ್ಲಿದ್ದೀಯ?”

“ಕೌದಳ್ಳಿಗೆ ಹೊರ್ಟಿದ್ದೀನಿ ಅಕ್ಕಾ. ಬ್ಯಾಟ್ರಿ ಬದಲಾಯ್ಸಿ ಬಾ ಅಂದ್ರು ಸಾರು.”

“ಬೇಡ, ಮುಟ್ಟಬೇಡ. ಕಂಬಕ್ಕೆ ಕೊನೆಗೆ ಬಂದ ಹದಿನಾರು ಕಮಾಂಡು ಚಿಪ್ಪಿನ ನೆನಪಲ್ಲಿ ಇರ್ತವೆ. ಬ್ಯಾಟ್ರಿ ತೆಗೆದ್ರೆ ಎಲ್ಲಾ ಅಳಿಸೋಗುತ್ತೆ. ನಾನು ಹನೂರಿಗೆ ಬರ್ತೀನಿ, ಅಲ್ಲೇ ಇರು.”

“ಸಾರು ಕೇಳಿದ್ರೆ ಏನಂತ ಹೇಳ್ಲಿ?”

“ದೀಪಶ್ರೀ ಬೇಡ ಅಂದ್ಲು ಅಂತ ಹೇಳು.”

ಹನೂರಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಅವಳು ಓಡಿ ಹತ್ತಿದಳು. ದಾರಿಯುದ್ದಕ್ಕೂ ಸೀಟಿನ ಅಂಚಿನಲ್ಲೇ ಕೂತಿದ್ದಳು, ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತಾಗಲೂ ಡ್ರೈವರಿನ ಬೆನ್ನನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಕೇಳಿದರು, “ಯಾರಿಗಾರ ಹುಷಾರಿಲ್ವೇನವ್ವ?” ದೀಪಶ್ರೀ ಹೌದು ಎಂದು ತಲೆಯಾಡಿಸಿದಳು.

ಹನೂರಿನಲ್ಲಿ ಪ್ರಭುಸ್ವಾಮಿ ಬೈಕು ಹಿಡಿದು ಕಾಯುತ್ತಿದ್ದ. ಇಪ್ಪತ್ತೊಂಬತ್ತರ ಹುಡುಗ, ಬಾಯಿ ತುಂಬ ಮಾತಿನವನು. ಅವತ್ತು ಕೌದಳ್ಳಿ ತಲುಪುವವರೆಗೂ ಒಂದು ಮಾತೂ ಆಡಲಿಲ್ಲ. ಕಂಬದ ಬುಡದ ಡಬ್ಬಿ ತೆರೆದು ದೀಪಶ್ರೀ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದಾಗ ಅವನು ಹೊಲದ ಕಡೆ ತಿರುಗಿ ನಿಂತ. ಜೋಳ ಆನೆ ನಡೆದಷ್ಟು ಅಗಲಕ್ಕೆ ನೆಲಕಚ್ಚಿತ್ತು. ಬದುವಿನ ಮೇಲೆ ಒಂದೇ ಒಂದು ಚಪ್ಪಲಿ ಬಿದ್ದಿತ್ತು.

ಹದಿನಾರು ಕಮಾಂಡುಗಳು ಪರದೆಯ ಮೇಲೆ ಬಂದವು. ಹದಿನೈದು ಮಾಮೂಲಿನವು. ಕೊನೆಯದು ಹಿಂದಿನ ಸಂಜೆ ಆರು ನಲವತ್ತಕ್ಕೆ ಬಂದಿತ್ತು. ಅದರ ಸಂಖ್ಯೆ ನಲವತ್ತೊಂದು.

ನಲವತ್ತೊಂದು ಬೆಂಚಿನ ಕಮಾಂಡು. ವರ್ಕ್‌ಶಾಪಿನಲ್ಲಿ ಕಂಬವನ್ನು ಪರೀಕ್ಷೆ ಮಾಡುವಾಗ ಕಿವಿ ತೂತಾಗಬಾರದೆಂದು ಚಿಪ್ಪಿನಲ್ಲೇ ಇಟ್ಟಿದ್ದು. ಅದನ್ನು ಕೊಟ್ಟರೆ ಸೈರನ್ನೂ ಕೂಗುವುದಿಲ್ಲ, ದೀಪವೂ ಹತ್ತುವುದಿಲ್ಲ, ಆದರೆ ಚಿಪ್ಪು ಮಾತ್ರ ತಾನು ಚೆನ್ನಾಗಿದ್ದೇನೆ ಎಂದು ಹೇಳುತ್ತಲೇ ಇರುತ್ತದೆ. ನಲವತ್ತೆರಡು ಕೊಟ್ಟು ಎಬ್ಬಿಸುವವರೆಗೂ ಅದು ಹಾಗೇ ಇರುತ್ತದೆ.

“ಪ್ರಭು, ಈ ಕಮಾಂಡು ನಮ್ಮ ಬೆಂಚು ಬಿಟ್ಟು ಇಲ್ಲಿಗೆ ಹೇಗೆ ಬಂತು?”

ಅವನು ತಿರುಗಲಿಲ್ಲ. “ನಾನೇ ಅಕ್ಕಾ. ಕಾವಲಿನೋರಿಗೆ ಕೊಟ್ಟಿರೋ ಟ್ಯಾಬಲ್ಲಿ ನಮ್ಮ ಕಂಪನಿ ಗುರುತಿನ ಚಿತ್ರ ಇರುತ್ತಲ್ಲ, ಅದನ್ನ ಐದು ಸಲ ಒತ್ತಿದ್ರೆ ಕಮಾಂಡು ಬರೆಯೋ ಜಾಗ ತೆರಕಳ್ಳೋ ಥರ ಮಾಡಿದ್ದೆ. ರಿಪೇರಿಗೆ ಬಂದಾಗೆಲ್ಲ ಲ್ಯಾಪ್‌ಟಾಪ್ ತರೋದು ತಪ್ಪಲಿ ಅಂತ. ಬೇಸಿಗೇಲಿ ದನ ಹಾಯ್ದ್ರೂ ಸೈರನ್ನು ಕೂಗೋದು. ಊರೋರು ಬೈಯೋರು. ಇಲ್ಲಿ ಕಂಬ ನೋಡ್ಕೊಳ್ಳೋ ಚಿಕ್ಕಮಾದಮ್ಮಾರಿಗೆ ಅದನ್ನ ಹೇಳ್ಕೊಟ್ಟೆ.”

“ಟ್ಯಾಬು ಇರೋದು ನೋಡೋದಕ್ಕೆ ಮಾತ್ರ.”

“ನೋಡೋದಕ್ಕೆ ಮಾತ್ರ ಅಂತ ಕಾಗದದಲ್ಲಿ ಇತ್ತು ಅಕ್ಕಾ. ನಿಮ್ಮ ಕರ್ನಲ್ಲು ಬೇಡ ಅನ್ಲಿಲ್ಲ.”

ಅವನು ಅದನ್ನು ಕುಹಕಕ್ಕೆ ಹೇಳಿರಲಿಲ್ಲ. ಆದರೂ ಆ ಮಾತು ಅವಳ ಎದೆಗೆ ನಾಟಿ ಅಲ್ಲೇ ಉಳಿಯಿತು. ಅವಳು ನಲವತ್ತೆರಡು ಕೊಟ್ಟು ಕಂಬವನ್ನು ಎಬ್ಬಿಸಿದಳು. ಹದಿನಾರು ಸಾಲುಗಳನ್ನು ಎರಡು ಕಡೆ ಉಳಿಸಿಕೊಂಡಳು.

ಪೆಟ್ಟಿಗೆ ಇದ್ದದ್ದು ಚಿಕ್ಕಮಾದಮ್ಮನ ಮನೆಯ ಜಗಲಿಯಲ್ಲಿ. ಐವತ್ತೈದರ ಆಕೆ ಸ್ವಂತ ಎರಡೆಕರೆಯನ್ನು ಒಬ್ಬಳೇ ಉಳುತ್ತಿದ್ದಳು, ಊರಿನವರೇ ಕಂಬ ನೋಡಿಕೊಳ್ಳಲು ಅವಳನ್ನು ಆರಿಸಿದ್ದರು. ಇಬ್ಬರಿಗೂ ಚಾಪೆ ಹಾಸಿ ನೀರು ಕೊಟ್ಟಳು.

“ಶಿವನಂಜಣ್ಣ ಬದುಕ್ತಾನೇನವ್ವ?”

“ಬದುಕ್ತಾರೆ ಅಕ್ಕ. ಸೊಂಟಕ್ಕೆ ಏಟಾಗಿದೆ ಅಷ್ಟೇ.”

“ಅಷ್ಟೇ ಅಂದ್ರೆ, ನಡೀತಾನಾ?”

ಅದು ದೀಪಶ್ರೀಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ಕಂಬವನ್ನು ಮುಟ್ಟಿದ್ದಿರಾ ಎಂದು ಕೇಳಬೇಕೆಂದೇ ಜಗಲಿ ಹತ್ತಿದ್ದಳು. ಕೇಳಲಾಗಲಿಲ್ಲ. ಕೇಳಿದರೆ ಆ ಹೆಂಗಸಿನ ಮೇಲೆ ಊರು ಬೀಳುತ್ತದೆ, ಬಾಗಿಲು ತೆರೆದಿಟ್ಟವಳು ತಾನು ಬಸ್ಸು ಹತ್ತಿ ಹೊರಟುಹೋಗುತ್ತೇನೆ ಎನ್ನಿಸಿತು.

ಮಲ್ಲಿಕಾರ್ಜುನಸ್ವಾಮಿಯವರ ವರ್ಕ್‌ಶಾಪು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿನ ಅಂಗಡಿಯೊಂದರ ಮಹಡಿಯ ಮೇಲಿತ್ತು. ಆರು ಜನ ಕೆಲಸದವರು. ಮಲ್ಲಿಕಾರ್ಜುನಸ್ವಾಮಿ ಕೆಟ್ಟ ಮನುಷ್ಯರಲ್ಲ. ಹಿಂದಿನ ವರ್ಷ ಗೋಪಿನಾಥಂನಲ್ಲಿ ಕಂಬ ಉರುಳಿದಾಗ ತಾವೇ ಹಗ್ಗ ಹಿಡಿದು ಎಳೆದವರು. ಅವಳು ಹದಿನಾರು ಸಾಲುಗಳ ಹಾಳೆಯನ್ನು ಮುಂದಿಟ್ಟು, ಪ್ರಭುಸ್ವಾಮಿ ಹೇಳಿದ್ದನ್ನೂ ತಿಳಿಸಿದಾಗ ಅವರು ಕನ್ನಡಕ ಹಾಕಿಕೊಂಡು ಓದಿ, ಮಡಚಿ, ಡ್ರಾಯರಿಗೆ ಹಾಕಿದರು.

“ವರದೀಲಿ ಬ್ಯಾಟ್ರಿ ಸತ್ತಿತ್ತು ಅಂತ ಬರೀರಿ.”

“ಬ್ಯಾಟ್ರಿ ಸತ್ತಿದ್ರೆ ಚುಕ್ಕೆ ಕೆಂಪಾಗ್ಬೇಕಿತ್ತು ಸಾರ್.”

“ಅದನ್ನ ಯಾರು ಕೇಳ್ತಾರೆ ಕಣಮ್ಮ? ಆ ಮುದುಕಿ ಹೆಸ್ರು ಆಚೆ ಬಂದ್ರೆ ಊರಲ್ಲಿ ಬಾಳಾಕೆ ಬಿಡ್ತಾರಾ? ಪ್ರಭು ಕೆಲ್ಸ ಉಳೀತದಾ? ನಿಮ್ದು? ಎಲ್ರಿಗೂ ಒಳ್ಳೇದು ಅದು.”

“ಮಿಕ್ಕ ನಲವತ್ತೈದು ಪೆಟ್ಟಿಗೇಲೂ ಇದೇ ಬಾಗಿಲು ತೆರೆದಿದೆ ಸಾರ್. ತಪಾಸಣೆ ಹಾಕ್ತೀನಿ. ಕಮಾಂಡು ಫರ್ಮ್‌ವೇರಿಗೆ ಹೋಗೋ ಮುಂಚೆ ಕರ್ನಲ್ಲಲ್ಲೇ ತಡೀಬೇಕು.”

“ಹದಿನೈದು ದಿನಕ್ಕೆ ಅರಣ್ಯ ಇಲಾಖೆ ಇನ್‌ಸ್ಪೆಕ್ಷನ್ ಇದೆ, ಹೊಸ ಕಂಬಗಳ ಆರ್ಡರು ಅದ್ರ ಮೇಲೇ ನಿಂತಿದೆ. ಈಗ ಕರ್ನಲ್ ಮುಟ್ಬೇಡಿ. ಒಂದು ಪೆಟ್ಟಿಗೆ ಮತ್ತೆ ಏಳ್ದೆ ಹೋದ್ರೂ ಆ ಊರಿಗೆ ಕಂಬಾನೇ ಇಲ್ದಂಗಾಗುತ್ತೆ. ಅವತ್ತೂ ಆನೆ ಬಂದ್ರೆ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಕಸಿವಿಸಿಯಾಯಿತು. “ಒಂದೇ ಪೆಟ್ಟಿಗೆ ಸಾರ್. ಏಳನೇದು. ಅದು ಸರಿ ಬಂದ್ಮೇಲೆ ಮಿಕ್ಕಿದ್ದು” ಎಂದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಫೋನು ಎತ್ತಿಕೊಂಡು ಬೇರೆ ಯಾರೊಂದಿಗೋ ಮಾತಿಗೆ ತೊಡಗಿದರು.

ನಾಲ್ಕು ದಿನ ಅವಳು ಒಂದೆಡೆ ಕೂರಲಿಲ್ಲ. ಬಸ್ಸಿನಲ್ಲಿ ಬರೆದಳು, ಬೆಂಚಿನ ಮೇಲೆ ಪರೀಕ್ಷಿಸಿದಳು, ಯಳಂದೂರಿನ ಮನೆಯ ಅಡಿಗೆಮನೆಯಲ್ಲಿ ರೊಟ್ಟಿ ಬೇಯುವಾಗ ಕಾಗದದ ಮೇಲೆ ಗೀಚಿದಳು. ಫರ್ಮ್‌ವೇರಿಗೆ ಅರ್ಥವಾಗುವ ಕಮಾಂಡುಗಳು ಒಟ್ಟು ಐವತ್ತೆಂಟು. ಒಂದೊಂದನ್ನೂ ಎತ್ತಿ ಕೇಳಿಕೊಂಡಳು: ಇದು ಕಂಬದಿಂದ ಬರೀ ಓದುತ್ತದೆಯೋ, ಕಂಬದಲ್ಲಿ ಏನನ್ನಾದರೂ ಬದಲಿಸುತ್ತದೆಯೋ? ಕೇಳುತ್ತಿರುವ ಪ್ರೋಗ್ರಾಂ ಯಾವುದು? ಅದಕ್ಕೆ ಇಷ್ಟರ ಅನುಮತಿ ಇದೆಯೋ? ಓದುವ ಕಮಾಂಡುಗಳನ್ನು ಎಲ್ಲರಿಗೂ ಬಿಟ್ಟಳು. ಬದಲಿಸುವವನ್ನು ಪೆಟ್ಟಿಗೆಯ ಮುಖ್ಯ ಪ್ರೋಗ್ರಾಮಿಗೆ ಮಾತ್ರ ಕೊಟ್ಟಳು. ಬೆಂಚಿನವನ್ನು ಯಾರಿಗೂ ಇಲ್ಲವೆಂದಳು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಅಲ್ಲಿಂದಲೇ ವಾಪಸು, ಯಾರು ಕೇಳಿದರೆಂದು ದಾಖಲೆ. ಮೂರು ವರ್ಷದ ಹಿಂದಿನ ಹನ್ನೆರಡು ಸಾಲಿನ ಮುಂದೆ ಈಗ ಇನ್ನೂರು ಸಾಲು ನಿಂತವು.

ಅತ್ತೆ ಗುರುಬಸಮ್ಮ ಹೊತ್ತಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟರು. “ಮೂರು ದಿನದಿಂದ ನೋಡ್ತಾ ಇವ್ನಿ, ಉಂಡ್ರೂ ಉಂಡಂಗಿಲ್ಲ, ಮಾತಾಡ್ಸಿದ್ರೂ ಕೇಳಲ್ಲ. ಏನಾಯ್ತು ಅಂತ ಹೇಳ್ಬಾರ್ದಾ?”

“ನಾನು ಮಾಡ್ಬೇಕಾದ ಕೆಲ್ಸ ಒಂದು ಬಿಟ್ಟಿದ್ದೆ ಅತ್ತೆ. ಅದ್ರಿಂದ ಒಬ್ರಿಗೆ ಏಟಾಯ್ತು.”

“ಓಗಿ ನೋಡ್ಕಬಂದ್ಯಾ ಅವ್ರನ್ನ?”

“ಇಲ್ಲ.”

“ಮದ್ಲು ಅದ ಮಾಡವ್ವ.”

ಅವಳು ಅದನ್ನು ಮೊದಲು ಮಾಡಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಆ ಮನುಷ್ಯನ ಮುಂದೆ ನಿಲ್ಲಲು ಧೈರ್ಯ ಬರಲಿಲ್ಲ. ಸರಿಪಡಿಸಿದ್ದೇನೆ ಎಂದು ಹೇಳಿಕೊಂಡು ಹೋಗಬೇಕೆಂದು ಐದನೆಯ ದಿನ ಮತ್ತೆ ಕೌದಳ್ಳಿಯ ದಾರಿ ಹಿಡಿದಳು.

ಮಧ್ಯಾಹ್ನ ಮೂರು ಗಂಟೆ. ಚಿಕ್ಕಮಾದಮ್ಮನ ಜಗಲಿಯ ಪೆಟ್ಟಿಗೆಗೆ ಹೊಸ ಕರ್ನಲ್ಲು ಹಾಕಿದಳು. ಕಂಪ್ಯೂಟರು ಎದ್ದಿತು. ಹಸಿರು ಚುಕ್ಕೆ ಬಂತು. ಪ್ರಭುಸ್ವಾಮಿ ಟ್ಯಾಬಿನ ಚಿತ್ರವನ್ನು ಐದು ಸಲ ಒತ್ತಿ ನಲವತ್ತೊಂದು ಬರೆದ. ‘ಅನುಮತಿ ಇಲ್ಲ’ ಎಂದು ಬಂತು. ಇನ್ನೊಮ್ಮೆ ಬರೆದ. ಅನುಮತಿ ಇಲ್ಲ. ದೀಪಶ್ರೀ ಐದು ದಿನದಲ್ಲಿ ಮೊದಲ ಸಲ ಗೋಡೆಗೆ ಒರಗಿ ಕೂತಳು.

ಮೂರು ನಿಮಿಷಕ್ಕೆ ಸೈರನ್ನು ಕಿರುಚಿಕೊಂಡಿತು.

ಆನೆ ಇರಲಿಲ್ಲ, ದನವೂ ಇರಲಿಲ್ಲ. ಕಂಬ ಬಿಸಿಲಿನಲ್ಲಿ ನಿಂತು ಸುಮ್ಮನೆ ಕೂಗುತ್ತಿತ್ತು, ಕೆಂಪು ದೀಪ ತಿರುಗುತ್ತಿತ್ತು. ಮನೆಗಳಿಂದ ಜನ ಹೊರಬಿದ್ದರು. ಹೊಲದಲ್ಲಿದ್ದವರು ಕುಡುಗೋಲು ಹಿಡಿದೇ ಓಡಿಬಂದರು. ಎದುರು ಮನೆಯಲ್ಲಿ ಕೂಸೊಂದು ಚೀರತೊಡಗಿತು.

“ನಿಲ್ಸಿ ಅಕ್ಕಾ!” ಪ್ರಭುಸ್ವಾಮಿ ಕೂಗಿದ.

“ಆಗ್ತಾ ಇಲ್ಲ!” ನಲವತ್ತೊಂದನ್ನು ಈಗ ಅವಳ ಕರ್ನಲ್ಲು ಅವಳಿಗೂ ಬಿಡುತ್ತಿರಲಿಲ್ಲ. ದಾಖಲೆ ತೆರೆದಳು. ಹನ್ನೆರಡು, ಹನ್ನೆರಡು, ಹನ್ನೆರಡು. ಎಲ್ಲದರ ಮುಂದೂ ‘ಅನುಮತಿ ಇಲ್ಲ’. ಅವಳಿಗೆ ತಟ್ಟನೆ ಹೊಳೆಯಿತು. ಪೆಟ್ಟಿಗೆ ಬದುಕಿದೆಯೆಂದು ಕಂಬಕ್ಕೆ ನಿಮಿಷಕ್ಕೊಮ್ಮೆ ತಿಳಿಸಬೇಕು, ಚಿಪ್ಪು ತನ್ನ ಹದಿನಾರರ ನೆನಪಿನಲ್ಲಿ ಅದನ್ನು ಇಟ್ಟುಕೊಳ್ಳುವುದಿಲ್ಲ. ಬೆಂಚಿನ ಮೇಲಿನ ಹೊಸ ಫರ್ಮ್‌ವೇರಿನಲ್ಲಿ ಅದು ಹತ್ತೊಂಬತ್ತನೇ ಕಮಾಂಡು. ಇಲ್ಲಿರುವುದು ಹಳೆಯದು, ಇದರಲ್ಲಿ ಹನ್ನೆರಡನೆಯದು. ಹನ್ನೆರಡು ಅವಳ ಪಟ್ಟಿಯಲ್ಲಿ ಇರಲಿಲ್ಲ. ಪೆಟ್ಟಿಗೆ ಸತ್ತಿತೆಂದು ತಿಳಿದು ಕಂಬ ಊರನ್ನು ಎಚ್ಚರಿಸುತ್ತಿತ್ತು.

“ಪ್ರಭು, ಕಂಬದ ಫ್ಯೂಸು ಕೀಳು!”

ಅವನು ಓಡಿ ಹೋಗಿ ಕಿತ್ತ. ಸದ್ದು ನಿಂತಿತು. ಕಿವಿಯಲ್ಲಿ ಮಾತ್ರ ಇನ್ನೂ ಗುಂಯ್‌ಗುಡುತ್ತಿತ್ತು. ಜಗಲಿಯ ಮುಂದೆ ಆಗಲೇ ಮೂವತ್ತು ನಲವತ್ತು ಜನ ಸೇರಿದ್ದರು. ದೀಪಶ್ರೀ ತಲೆ ತಗ್ಗಿಸಿಕೊಂಡೇ ಹನ್ನೆರಡನ್ನು ಪಟ್ಟಿಗೆ ಸೇರಿಸಿ, ಯಾವ ಫರ್ಮ್‌ವೇರಿಗೆ ಯಾವ ಸಂಖ್ಯೆ ಎಂಬುದನ್ನು ಬರೆದು, ಪೆಟ್ಟಿಗೆಯನ್ನು ಮತ್ತೆ ಎಬ್ಬಿಸಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಕದಲಲಿಲ್ಲ. ಫ್ಯೂಸು ಹಾಕಿದರು. ಮೂರು ನಿಮಿಷವಾಯಿತು, ಐದಾಯಿತು, ಹತ್ತಾಯಿತು. ಕಂಬ ಸುಮ್ಮನಿತ್ತು.

ಆಗ ಗುಂಪಿನಿಂದ ನಾಗರಾಜು ಮುಂದೆ ಬಂದ. ಶಿವನಂಜಯ್ಯನ ಭಾಮೈದ ಅವನು, ಅವತ್ತು ಬದುವಿನ ಕೆಳಗಿನಿಂದ ಭಾವನನ್ನು ಎತ್ತಿಕೊಂಡು ಬಂದವನು.

“ಮೇಡಮ್ನೋರೆ, ಒಂದು ಮಾತು. ಏನೂ ಇಲ್ದೆ ಇವತ್ತು ಇಷ್ಟು ಬಡ್ಕಂಡ ಕಂಬ, ಆನೆ ಬಂದ ದಿವ್ಸ ಯಾಕೆ ಬಾಯಿ ಬುಡ್ಲಿಲ್ಲ?”

ಬ್ಯಾಟರಿ ಎಂಬ ಮಾತು ದೀಪಶ್ರೀಯ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಚಿಕ್ಕಮಾದಮ್ಮ ಹೇಳಿದಳು:

“ನಾನೇ ಮಲುಗ್ಸಿದ್ದೆ ಕನಪ್ಪ.”

ಎಲ್ಲರೂ ಅವಳತ್ತ ತಿರುಗಿದರು.

“ದನ ಬಂದ್ರೂ ಕೂಗೋದು, ನಾಯಿ ಬಂದ್ರೂ ಕೂಗೋದು. ಒಸಿ ಹೊತ್ತು ಮಲೀಕಳ್ಲಿ ಅಂತ ಸಂಜೇಲಿ ಮಲುಗ್ಸ್ದೆ. ತಾನಾಗೇ ಎದ್ದುಬುಡ್ತದೆ ಅನ್ಕಂಡಿದ್ದೆ. ಏಳ್ನಿಲ್ಲ.”

“ನಿನ್ ಮನೆ ಹಾಳಾಗ!” ನಾಗರಾಜು ಕೈಯೆತ್ತಿಕೊಂಡು ಜಗಲಿ ಹತ್ತಿದ. ಪ್ರಭುಸ್ವಾಮಿ ಅಡ್ಡ ನಿಂತ. “ಹೇಳ್ಕೊಟ್ಟೋನು ನಾನು, ನನಗೆ ಹೊಡೀರಿ” ಎಂದ.

ದೀಪಶ್ರೀ ಎದ್ದು ಇಬ್ಬರ ನಡುವೆ ಬಂದಳು. “ನಾಗರಾಜಣ್ಣ, ಒಂದು ನಿಮಿಷ ಕೇಳಿ. ಆಯಮ್ಮನ ಕೈಲಿದ್ದ ಟ್ಯಾಬಲ್ಲಿ ಕಂಬ ಮಲಗಿಸೋದಕ್ಕೆ ಆಗ್ಲೇಬಾರ್ದಾಗಿತ್ತು. ಯಾರು ಏನು ಹೇಳಿದ್ರೂ ಕಂಬಕ್ಕೆ ದಾಟಿಸಬಾರ್ದು ಅಂತ ಕಂಪ್ಯೂಟರೊಳಗೆ ತಡೆ ಹಾಕೋ ಕೆಲ್ಸ ನಂದು. ಮೂರು ವರ್ಷದಿಂದ ಆಮೇಲೆ ಹಾಕ್ತೀನಿ ಅಂತ ಬಿಟ್ಟಿದ್ದೆ. ಇವತ್ತು ಹಾಕಿದ್ದೀನಿ. ಅವತ್ತೇ ಹಾಕಿದ್ರೆ ನಿಮ್ಮ ಭಾವ ಬೀಳ್ತಿರ್ಲಿಲ್ಲ.”

ನಾಗರಾಜುವಿನ ಕೈ ಇಳಿಯಿತು. ಆದರೆ ಮುಖದ ಸಿಟ್ಟು ಇಳಿಯಲಿಲ್ಲ. “ಇದನ್ನ ಅವ್ನ ಮುಂದೆ ಓಗಿ ಹೇಳಿ” ಎಂದು ಹೊರಟುಹೋದ. ಜನ ಒಬ್ಬೊಬ್ಬರಾಗಿ ಚದುರಿದರು. ಕೆಲವರು ಚಿಕ್ಕಮಾದಮ್ಮನ ಕಡೆ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮಾದಮ್ಮ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದಳು. ದೀಪಶ್ರೀ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದು ಜೊತೆಯಲ್ಲೇ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಬಾಳೆಹಣ್ಣು ಕೊಂಡರು.

ಶಿವನಂಜಯ್ಯನ ಸೊಂಟಕ್ಕೆ ಆಪರೇಷನ್ ಆಗಿತ್ತು. ಎತ್ತರದ ದಿಂಬಿಗೆ ಒರಗಿದ್ದ. ಕಾಲ ಬಳಿ ಅವನ ಮಗಳು ಕೋಮಲ ತಿಂಗಳ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಹೆರಿಗೆಗೆಂದು ತವರಿಗೆ ಬಂದವಳು. ಚಿಕ್ಕಮಾದಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

“ನಾಗರಾಜ ಎಲ್ಲಾ ಹೇಳ್ದ” ಎಂದ ಶಿವನಂಜಯ್ಯ, ಗೋಡೆಯ ಕಡೆ ಮುಖ ಮಾಡಿಕೊಂಡು. “ಮೂವತ್ತು ವರ್ಸದಿಂದ ಅಕ್ಕಪಕ್ಕ ಇವ್ವಿ. ಒಂದು ಮಾತು ಹೇಳ್ಬೌದಿತ್ತಲ್ಲ ಮಾದವ್ವ, ಕಂಬ ಮಲುಗ್ಸಿವ್ನಿ, ನೋಡ್ಕಂಡು ಓಗು ಅಂತ.”

ಚಿಕ್ಕಮಾದಮ್ಮ ಸೆರಗು ಬಾಯಿಗೆ ಹಿಡಿದಳು. ಉತ್ತರ ಕೊಟ್ಟವಳು ಕೋಮಲ.

“ಅಪ್ಪಯ್ಯ, ಮಲುಗ್ಸಿ ಅಂತ ಕೇಳ್ಕಂಡಿದ್ದು ನಾನು.”

ಶಿವನಂಜಯ್ಯ ತಿರುಗಿದ.

“ಸೈರನ್ನು ಕೂಗ್ದಾಗೆಲ್ಲ ಕೂಸು ಬೆಚ್ಚಿಬಿದ್ದು ನೀಲಿಗಟ್ಟಿ ಅಳೋದು. ಅವತ್ತು ಸಂಜೆ ಮೂರು ಸಲ ಕೂಗ್ತು. ನಾನೇ ಓಗಿ ಅತ್ಗಂಡು ಕೇಳ್ದೆ. ದೊಡ್ಡವ್ವ ಬ್ಯಾಡ ಅಂದ್ರೂ ಬುಡ್ಲಿಲ್ಲ. ನಿಮ್ಗೆ ಹೇಳಕ್ಕೆ ನಂಗೇ ನೆನ್ಪಾಗ್ನಿಲ್ಲ.” ಅವಳು ಅಳತೊಡಗಿದಳು. ಕೂಸು ಎದ್ದು ಅದೂ ಅಳತೊಡಗಿತು.

ಚಿಕ್ಕಮಾದಮ್ಮ ಒಳಗೆ ಬಂದು, ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಹೆಗಲಿಗೆ ಹಾಕಿ ತಟ್ಟಿದಳು. ಊರ ಮುಂದೆ ಅವಳು ಕೋಮಲಳ ಹೆಸರು ಎತ್ತಿರಲಿಲ್ಲವೆಂಬುದು ದೀಪಶ್ರೀಗೆ ಆಗ ಹೊಳೆಯಿತು. ಕ್ಷಮಿಸಿದೆ ಎಂಬ ಮಾತನ್ನು ಶಿವನಂಜಯ್ಯ ಆಡಲಿಲ್ಲ. ಆಮೇಲೆ ದೀಪಶ್ರೀಯನ್ನು ಕರೆದ.

“ನೀವೇನಾ ಕಂಪ್ಯೂಟ್ರು ಮೇಡಮ್ಮು? ಇನ್ ಮೇಲೆ ಅದನ್ನ ಮಲುಗ್ಸಕ್ಕೆ ಆಗೋದೇ ಇಲ್ವಾ?”

“ಆಗಲ್ಲ. ಯಾರಿಗೂ ಆಗಲ್ಲ.”

“ಅಂಗಾದ್ರೆ ಇನ್ನೊಂದು ತಿಂಗ್ಳಲ್ಲಿ ಯಾವನಾರ ವೈರು ಕತ್ತರ್ಸ್ತಾನೆ, ಬರ್ಕಳಿ. ನನ್ ಸೊಂಟ ನೆಟ್ಗಿದ್ದು, ಈ ಕೂಸು ಅಂಗೆ ಬೆಚ್ಚಿದ್ರೆ, ನಾನೇ ಕುಡ್ಲು ತಕಂಡು ಓಯ್ತಿದ್ದೆ.”

ಕರ್ನಲ್ಲಿಗೆ ಬೇಡ ಅನ್ನುವುದನ್ನು ಕಲಿಸಲು ದೀಪಶ್ರೀ ಇನ್ನೂರು ಸಾಲು ಬರೆದಿದ್ದಳು. ಜನ ಯಾಕೆ ಕೇಳುತ್ತಾರೆಂದು ಒಂದು ಸಲವೂ ಯೋಚಿಸಿರಲಿಲ್ಲ.

“ಹತ್ತು ನಿಮಿಷ ಸಾಕಾ?” ಎಂದು ಕೇಳಿದಳು. “ಸೈರನ್ನು ಮಾತ್ರ ಹತ್ತು ನಿಮಿಷ ಸುಮ್ಮನಿರುತ್ತೆ. ದೀಪ ತಿರುಗ್ತಾನೇ ಇರುತ್ತೆ. ಹತ್ತು ನಿಮಿಷಕ್ಕೆ ತಾನಾಗೇ ಎದ್ದೇಳುತ್ತೆ. ಯಾರು, ಎಷ್ಟು ಹೊತ್ತಿಗೆ ಮಲಗಿಸಿದ್ರು ಅನ್ನೋದು ಉಳಿಯುತ್ತೆ. ಸೈರನ್ನು ಸುಮ್ಮನಿದ್ದಾಗ ಪಟ್ಟಿಯ ಚುಕ್ಕೆ ಹಳದಿ ಇರುತ್ತೆ, ಹಸಿರಲ್ಲ.”

ಶಿವನಂಜಯ್ಯ ಚಿಕ್ಕಮಾದಮ್ಮನ ಕಡೆ ಅರೆಗಣ್ಣಿನಲ್ಲಿ ನೋಡಿದ. “ಹತ್ತು ನಿಮ್ಸಕ್ಕೆ ಕೂಸು ಮಲೀಕತದಾ?”

“ಎದೆಗೆ ಹಾಕಂಡ್ರೆ ಐದೇ ನಿಮ್ಸ” ಎಂದಳು ಆಕೆ, ಅವನ ಮುಖ ನೋಡದೆ.

ಅವತ್ತೇ ಮಧ್ಯಾಹ್ನ ದೀಪಶ್ರೀ ವರದಿ ಬರೆದಳು. ಬ್ಯಾಟರಿ ಎಂದು ಬರೆಯಲಿಲ್ಲ. ಊರಿನವರ ಹೆಸರುಗಳನ್ನೂ ಬರೆಯಲಿಲ್ಲ. ಕಮಾಂಡುಗಳ ತಪಾಸಣೆ ಕರ್ನಲ್ಲಿನಲ್ಲಿ ಇರಬೇಕಿತ್ತು, ಇರಲಿಲ್ಲ, ಅದರ ಹೊಣೆ ತನ್ನದು ಎಂದು ಬರೆದು ಸಹಿ ಹಾಕಿ ಮಲ್ಲಿಕಾರ್ಜುನಸ್ವಾಮಿಯವರ ಮೇಜಿನ ಮೇಲಿಟ್ಟಳು. ಅವರು ಓದಿ, “ನನ್ ತಲೆ ಮೇಲೆ ಕಲ್ಲು ಎತ್ತಾಕಿದ್ರಿ” ಎಂದರು. ಎರಡು ದಿನ ಅದನ್ನು ಮೇಜಿನ ಮೇಲೇ ಇಟ್ಟುಕೊಂಡರು. ಮೂರನೆಯ ದಿನ ತಾವೂ ಒಂದು ಸಹಿ ಹಾಕಿ ಇಲಾಖೆಗೆ ಕಳಿಸಿದರು. ಇನ್‌ಸ್ಪೆಕ್ಷನ್ ಎರಡು ತಿಂಗಳು ಮುಂದಕ್ಕೆ ಹೋಯಿತು. ಹೊಸ ಕಂಬಗಳ ಮಾತು ಅಲ್ಲಿಗೇ ನಿಂತಿತು. ವಾರವೆಲ್ಲ ಅವರು ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಪ್ರಭುಸ್ವಾಮಿ ಐದು ಸಲ ಒತ್ತುವ ಬಾಗಿಲನ್ನು ತಾನೇ ಟ್ಯಾಬಿನಿಂದ ಕಿತ್ತುಹಾಕಿದ. “ಕರ್ನಲ್ಲು ತಡೀತದೆ, ನಿಜ. ಆದ್ರೂ ಇರೋದು ಬೇಡ” ಎಂದ. ಅಲ್ಲಿಂದ ಮುಂದೆ ಇಬ್ಬರೂ ಊರೂರು ಸುತ್ತಿದರು. ಪ್ರತಿ ಕಂಬದಲ್ಲಿ ಯಾವ ಫರ್ಮ್‌ವೇರ್ ಇದೆಯೆಂದು ಮೊದಲು ನೋಡಿ ಬರೆದುಕೊಂಡು, ಆಮೇಲೇ ಪೆಟ್ಟಿಗೆ ತೆರೆದರು. ನಲವತ್ತಾರರಲ್ಲಿ ಎರಡು ಪೆಟ್ಟಿಗೆ ಏಳದೆ ಸತಾಯಿಸಿದವು. ಆ ಎರಡೂ ಊರುಗಳಲ್ಲಿ ಕತ್ತಲಾಗುವ ಮುಂಚೆ ಎಬ್ಬಿಸಿಯೇ ಬಸ್ಸು ಹತ್ತಿದರು. ಹತ್ತು ನಿಮಿಷದ ಕಮಾಂಡನ್ನು ಕಾವಲಿನವರಿಗೆ ತೋರಿಸಿಕೊಟ್ಟರು. ಕೌದಳ್ಳಿಯಲ್ಲಿ ಚಿಕ್ಕಮಾದಮ್ಮ ಟ್ಯಾಬು ಮುಟ್ಟುವುದಿಲ್ಲವೆಂದು ಹಟ ಹಿಡಿದಳು. ಕೊನೆಗೆ ಊರಿನವರೇ, ನಾಗರಾಜುವೂ ಸೇರಿ, ಅದನ್ನು ಅವಳ ಕೈಗೇ ಕೊಟ್ಟರು. ಶಿವನಂಜಯ್ಯ ವಾಕರ್ ಹಿಡಿದು ಅಂಗಳದವರೆಗೆ ನಡೆಯುವಂತಾದ. ಹೊಲಕ್ಕೆ ಹೋಗಲು ಇನ್ನೂ ಆರು ತಿಂಗಳು ಬೇಕೆಂದು ಡಾಕ್ಟರು ಹೇಳಿದ್ದರು.

ಗೋಪಿನಾಥಂನ ಕೊನೆಯ ಪೆಟ್ಟಿಗೆ ಮುಗಿದ ದಿನ ಅಲ್ಲಿನ ಕಾವಲಿನವನು ಮಹದೇವಯ್ಯ ಟ್ಯಾಬಿನಲ್ಲಿ ಏನೋ ನೋಡುತ್ತ ಕೂತಿದ್ದ. ದೀಪಶ್ರೀ ಇಣುಕಿದಳು. ಕಳೆದ ಆರು ತಿಂಗಳಲ್ಲಿ ಯಾವ ಯಾವ ಹೊತ್ತಿಗೆ ಆನೆ ಯಾವ ಕಂಬದ ಹತ್ತಿರ ಹಾದುಹೋಯಿತು ಎಂಬ ಪಟ್ಟಿ.

“ಚೆನ್ನಾಗದೆ ಕಣ್ರಿ ಇದು” ಎಂದ ಅವನು. “ಗುಂಪು ಯಾವಾಗ ಎಲ್ಲಿಗೆ ಬತ್ತದೆ ಅಂತ ಕರೆಕ್ಟಾಗಿ ಗೊತ್ತಾಯ್ತದೆ. ಮೊನ್ನೆ ಯಾರೋ ಇಬ್ರು ಬೈಕಲ್ಲಿ ಬಂದಿದ್ರು, ಯಾವೂರೋರೋ. ತೋರ್ಸು ಅಂದ್ರು, ತೋರಿಸ್ದೆ. ಫೋಟೋನೂ ತಕಂಡ್ರು.”

ದಂತಕ್ಕಾಗಿ ಆನೆ ಹೊಡೆಯುವವರಿಗೆ ಬೇಕಾದದ್ದೂ ಇದೇ ಪಟ್ಟಿ. ಓದುವ ಕಮಾಂಡುಗಳನ್ನು ಅವಳು ಎಲ್ಲರಿಗೂ ಬಿಟ್ಟಿದ್ದಳು. ಓದುವುದರಿಂದ ಏನೂ ಕೆಡುವುದಿಲ್ಲ ಎಂದುಕೊಂಡಿದ್ದಳು. ದಂತದ ಆನೆ ಎಷ್ಟು ಹೊತ್ತಿಗೆ ಯಾವ ಹಳ್ಳ ದಾಟುತ್ತದೆಂದು ತಿಳಿಯಬೇಕಾದವರು ಯಾರು, ತಿಳಿಯಬಾರದವರು ಯಾರು ಎಂಬುದನ್ನು ಅವಳ ತಪಾಸಣೆ ಕೇಳಿಯೇ ಇರಲಿಲ್ಲ.

“ಮಹದೇವಯ್ಯಾರೆ, ಬೈಕಿನ ನಂಬರು ನೋಡಿದ್ರಾ? ಇಲಾಖೆಯೋರಿಗೆ ಈಗ್ಲೇ ಫೋನು ಮಾಡೋಣ.”

ಅವನು ನೆನಪಿಸಿಕೊಳ್ಳಲು ಹಣೆ ಗಂಟು ಹಾಕಿದ. ಆಚೆ ಪ್ರಭುಸ್ವಾಮಿ ದಿನದ ಕೊನೆಯ ಬಸ್ಸು ಹೊರಟಿತೆಂದು ಕೂಗುತ್ತಿದ್ದ. “ಬಸ್ಸು ಹೋಗ್ಲಿ ಬಿಡು” ಎಂದು ಅವಳು ಕೂಗಿ ಹೇಳಿ, ಮುಚ್ಚಿದ್ದ ಪೆಟ್ಟಿಗೆಯ ಮುಂದೆ ಮತ್ತೆ ಕುಕ್ಕರುಗಾಲಲ್ಲಿ ಕೂತು ಸ್ಕ್ರೂ ಬಿಚ್ಚತೊಡಗಿದಳು.